ಕೈಲಾಸ ಯಂತ್ರದ ತೌಡು

ರಾಯಚೂರು ನಗರದ ಹೊರವಲಯದಲ್ಲಿರುವ ಶ್ರೀ ಸಾಂಬಶಿವ ಗೃಹಕ್ರೀಡಾ ಯಂತ್ರ ಕಾರ್ಖಾನೆಯು ಕಳೆದ ಸಾಲಿನಲ್ಲಿ ಒಂದು ಯಂತ್ರವನ್ನೂ ತಯಾರಿಸದೆ, ಒಂದನ್ನೂ ಮಾರದೆ, ಹುಟ್ಟಿದಾಗಿನಿಂದ ಮೊದಲ ಸಲ ಲಾಭಕ್ಕೆ ಬಂದಿತು. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಈ ಲಾಭದಲ್ಲಿ ಮಾನ್ವಿ ಡಿಪೋದ ವೆಂಕೋಬನ ಪಾಲು ಎಷ್ಟು, ಅವನ ಕಾಯಂ ಆದೇಶ ಯಾವ ರೀತಿಯಲ್ಲಿ ಬಂತು ಎಂಬುದನ್ನು ಕ್ರಮವಾಗಿ ಹೇಳುವುದಷ್ಟೇ ಇಲ್ಲಿಯ ಕೆಲಸ.

ಕಾರ್ಖಾನೆಯ ಮಾಲೀಕರು ವಿರೂಪಣ್ಣ ಸಾವ್ಕಾರರು. ಮೂಲತಃ ಅಕ್ಕಿ ಮಿಲ್ಲಿನವರು. ಶಿವಪೂಜೆ ಆಗದೆ ಗುಟುಕು ನೀರು ಕುಡಿಯದವರು. ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರವನ್ನು ಹೊರದೇಶದ ದೊಡ್ಡ ದೊಡ್ಡ ಕಂಪನಿಗಳು ಅಸಲಿಗಿಂತ ಕಡಿಮೆ ಬೆಲೆಗೆ ಮಾರಿ, ಆಮೇಲೆ ಅದರೊಳಗೆ ಹಾಕುವ ಆಟಗಳಲ್ಲಿ ದುಡಿಯುತ್ತವೆ ಎಂಬ ಮಾತು ಅವರ ಕಿವಿಗೆ ಬಿದ್ದಾಗ ಅವರಿಗೆ ಅದು ಹೊಸದೆನಿಸಲಿಲ್ಲ. ಅವರ ಅಜ್ಜ ಗುಂಜಹಳ್ಳಿಯಲ್ಲಿ ಮಿಲ್ಲು ಹಾಕಿದಾಗ ಭತ್ತ ಅರೆದುಕೊಡಲು ಯಾರ ಹತ್ತಿರವೂ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಅಕ್ಕಿ ನೀವು ಒಯ್ಯಿರಿ, ತೌಡು ಬಿಟ್ಟು ಹೋಗಿರಿ ಎನ್ನುತ್ತಿದ್ದರು. ಮಂದಿ ಅವರನ್ನು ಧರ್ಮಾತ್ಮ ಎಂದು ಕೊಂಡಾಡಿದರು. ಧರ್ಮಾತ್ಮರು ತೌಡಿನಲ್ಲೇ ಮೂರು ಅಂತಸ್ತಿನ ಮನೆ ಕಟ್ಟಿದರು.

ಅದೇ ಪದ್ಧತಿಯ ಮೇಲೆ ಕೈಲಾಸ ಯಂತ್ರ ಹುಟ್ಟಿತು. ಮಾಡಲು ತಗಲುವ ಖರ್ಚು ಹದಿಮೂರು ಸಾವಿರ, ಮಾರುವ ಬೆಲೆ ಒಂಬತ್ತು ಸಾವಿರ. ಮುಂದೆ ಗಿರಾಕಿ ಕೊಳ್ಳುವ ಆಟಗಳೇ ತೌಡು. 'ಮನೆಮನೆಗೆ ಕೈಲಾಸ' ಎಂದು ಗೋಡೆಗಳ ಮೇಲೆ ಬರೆಸಿದ್ದಕ್ಕೆ ಕೆಲವು ಹಿರಿಯರು ಬೇಜಾರು ಮಾಡಿಕೊಂಡರು. ಮಿಕ್ಕಂತೆ ಎಲ್ಲವೂ ಶುಭವಾಗಿಯೇ ನಡೆಯಿತು.

ಯಂತ್ರದ ಜೊತೆಗೆ ಒಂದು ಆಟ ಪುಕ್ಕಟೆ. ಅದನ್ನು ಬರೆದವನು ಮಲ್ಲಟದ ಯಲ್ಲಾಲಿಂಗ, ಓದಿದ ಹುಡುಗ, ಪ್ರಾಮಾಣಿಕ. ಆಟದ ಹೆಸರು 'ಕಾಲುವೆ'. ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರನ್ನು ಒಂದೊಂದೇ ಗೇಟು ಎತ್ತಿಸಿ, ನಡುವೆ ಕದ್ದು ಪಂಪ್ ಹಚ್ಚಿದವರನ್ನು ಒಲಿಸಿ, ಕಚೇರಿಗಳಿಗೆ ಅರ್ಜಿ ಹಾಕಿ, ಕಾಲುವೆಯ ಕೊನೆಯ ಭಾಗದ ಹೊಲಕ್ಕೆ ಮುಟ್ಟಿಸಬೇಕು. ಅಷ್ಟೇ ಆಟ. ನೀರು ಬಂದೇಬಿಟ್ಟಿತು ಎನ್ನುವಷ್ಟರಲ್ಲಿ ಪರದೆಯ ಮೇಲೆ ಒಬ್ಬ ಸಾಹೇಬ ಬಂದು 'ಮುಂದಿನ ವಾರ' ಎಂದು ಹೇಳಿ ಹೋಗುತ್ತಾನೆ. ಮೂರು ವರ್ಷದಲ್ಲಿ ಇದನ್ನು ಗೆದ್ದವರು ಒಬ್ಬರೂ ಇಲ್ಲ. ಗೆಲ್ಲದ ಆಟ ಬಿಟ್ಟು ಇನ್ನೊಂದು ಆಟ ಕೊಳ್ಳುವ ಜಾಯಮಾನ ನಮ್ಮ ಕಡೆಯ ಮಂದಿಯದಲ್ಲ. ಹೀಗಾಗಿ ಅಕ್ಕಿ ಮನೆಗೆ ಹೋಯಿತು, ತೌಡು ಬರಲಿಲ್ಲ.

ಇದೇನೂ ವೆಂಕೋಬನಿಗೆ ಗೊತ್ತಿರಲಿಲ್ಲ. ಅವನು ಸಾವ್ಕಾರರ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ತೂಕ ಮಾಡಿದವನು. ಒಂದು ಗ್ರಾಮಿನ ಸುಳ್ಳನ್ನೂ ತೂಗಿದವನಲ್ಲ. ಆ ನಂಬಿಗೆಯ ಮೇಲೆಯೇ ಅವನನ್ನು ಮಾನ್ವಿ ಡಿಪೋಕ್ಕೆ ತಾತ್ಕಾಲಿಕವಾಗಿ ಹಾಕಿದ್ದರು. ಅತಿ ಹೆಚ್ಚು ಯಂತ್ರ ಮಾರಿದವನನ್ನು ಕಾಯಂ ಮಾಡಲಾಗುವುದು ಎಂದು ಸಾವ್ಕಾರರು ದೇವರ ಮುಂದೆ ನಿಂತು ಮಾತು ಕೊಟ್ಟಿದ್ದರು. ಅವನ ಹೆಂಡತಿ ದುರುಗಮ್ಮ ಆ ಮಾತು ಕೇಳಿದ ವಾರವೇ ಸಂತೆಯಿಂದ ಗಾಜಿನ ಫ್ರೇಮೊಂದನ್ನು ತಂದು, ಶಿವನ ಪಟದ ಪಕ್ಕಕ್ಕೆ ಮೊಳೆ ಹೊಡೆದು ನೇತುಹಾಕಿದಳು. ಒಳಗೆ ಏನೂ ಇಲ್ಲ. ಆದೇಶ ಬಂದಾಗ ಹಾಕಲು. ಬಂದವರು, ಇದ್ಯಾವ ದೇವರ ಫೋಟೋ ಎಂದು ಕೇಳಿದರೆ, ಇನ್ನೂ ಬಂದಿಲ್ಲ ಎನ್ನುತ್ತಿದ್ದಳು. ದಿನಾ ಬೆಳಗ್ಗೆ ಶಿವನಿಗೆ ಏರಿಸಿದ ಹೂವಿನಲ್ಲಿ ಒಂದು ಎಸಳು ಅದಕ್ಕೂ ಬೀಳುತ್ತಿತ್ತು.

ಮೂರು ವರ್ಷದಲ್ಲಿ ವೆಂಕೋಬ ನಾನೂರ ಹನ್ನೆರಡು ಯಂತ್ರ ಮಾರಿದ. ಇಡೀ ಕಂಪನಿಯಲ್ಲಿ ಅವನೇ ಮೊದಲಿಗ.

ಆ ಹೊತ್ತಿಗೆ ಸಾವ್ಕಾರರ ತಮ್ಮನ ಮಗಳು ಕಾವ್ಯಾ, ವ್ಯಾಪಾರದ ವಿದ್ಯೆ ಕಲಿತು ಬಂದು ಕಾರ್ಯತಂತ್ರ ಅಧಿಕಾರಿಯಾದಳು. ಅವಳು ಒಂದು ದಿನ ಕೂತು ನೋಡಿ, ಒಂದು ಯಂತ್ರ ಮಾರಿದರೆ ನಾಲ್ಕು ಸಾವಿರ ಹಾನಿ, ಆದ್ದರಿಂದ ಕಂಪನಿಯ ಹಾನಿಗೆಲ್ಲ ಮುಖ್ಯ ಕಾರಣ ವೆಂಕೋಬ ಎಂದು ಪತ್ತೆ ಹಚ್ಚಿದಳು. ದೇವದುರ್ಗ ಡಿಪೋದ ಮಾರೆಪ್ಪ ಬೆಳಗ್ಗೆ ಬಾಗಿಲು ತೆಗೆದು ಕೌಂಟರಿನ ಹಿಂದೆ ಮಲಗುವವನು. ಮೂರು ವರ್ಷದಲ್ಲಿ ಒಂದನ್ನೂ ಮಾರಿರಲಿಲ್ಲ. ವೆಂಕೋಬನಂತೆ ಮಾರದೆ ಕಂಪನಿಗೆ ಹದಿನಾರು ಲಕ್ಷಕ್ಕೂ ಮೇಲ್ಪಟ್ಟ ಉಳಿತಾಯ ಮಾಡಿಕೊಟ್ಟಿದ್ದಕ್ಕಾಗಿ ಅವನಿಗೆ ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಸನ್ಮಾನಿಸಲಾಯಿತು. ಮಾರೆಪ್ಪ ಎದ್ದು ನಿಂತು, ಇದೆಲ್ಲ ನನ್ನದೇನಿಲ್ಲ, ಗುರುಹಿರಿಯರ ಆಶೀರ್ವಾದ ಎಂದು ವಿನಯದಿಂದ ಹೇಳಿ ಕುಳಿತ. ವೆಂಕೋಬನ ಕೈಗೆ ಒಂದು ಲಕೋಟೆ ಬಂತು.

"ವಿಷಯ: ಯಂತ್ರಗಳನ್ನು ಮಾರಿದ ಬಗ್ಗೆ ಕಾರಣ ಕೇಳುವ ನೋಟಿಸು. ತಾವು ಮಾನ್ವಿ ಡಿಪೋದಲ್ಲಿ ಕರ್ತವ್ಯದ ಮೇಲಿರುವಾಗ, ಪದೇಪದೇ, ನಗುಮೊಗದಿಂದ, ನಾನೂರ ಹನ್ನೆರಡು ಗಿರಾಕಿಗಳಿಗೆ ಯಂತ್ರ ಮಾರಿರುವುದು ಕಂಡುಬಂದಿರುತ್ತದೆ. ಏಳು ದಿನದೊಳಗಾಗಿ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ತಮ್ಮ ಕಾಯಂ ವಿಷಯ ಕೈಬಿಡಲಾಗುವುದು."

ವೆಂಕೋಬ ಬಹಳ ಹೊತ್ತು ಯೋಚಿಸಿ, 'ಅವರು ಕೇಳಿದರು, ನಾನು ಕೊಟ್ಟೆ' ಎಂದು ಬರೆದು ಸಹಿ ಮಾಡಿದ. ಸಮಜಾಯಿಷಿ ತೃಪ್ತಿಕರವಾಗಿಲ್ಲ ಎಂದು ಷರಾ ಬಂತು. ಜೊತೆಗೆ ಹೊಸ ನಿಯಮಗಳೂ ಬಂದವು. ಇನ್ನು ಮುಂದೆ ಯಂತ್ರ ಬೇಕೆಂಬುವವರು ವರ್ಷಕ್ಕೆ ಹನ್ನೆರಡು ಆಟ ಕೊಳ್ಳುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು; ಇಬ್ಬರ ಜಾಮೀನು ಬೇಕು; ಜಾಮೀನುದಾರರು ಕಾಲುವೆ ಆಟ ಆಡಿದವರಾಗಿರಬಾರದು. ಅಂಥವರು ಮಾನ್ವಿ ತಾಲೂಕಿನಲ್ಲಿ ಸಿಗುವುದಿಲ್ಲ ಎಂಬ ಖಾತ್ರಿಯ ಮೇಲೆಯೇ ಕಾವ್ಯಾ ಆ ಕಲಮು ಹಾಕಿದ್ದಳು.

ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಕ್ಲಾಸು ನಡೆಸುವ ಸುಗ್ರಾ ಬೇಗಂ ಆ ವಾರವೇ ಬಂದರು. ಕೈಯಲ್ಲಿ ಮುಚ್ಚಳಿಕೆ, ಹಿಂದೆ ಇಬ್ಬರು ಜಾಮೀನುದಾರರು. ಒಬ್ಬರು ಕಣ್ಣು ಕಾಣದ ಮಾವ, ಇನ್ನೊಬ್ಬರು ನಿನ್ನೆಯಷ್ಟೇ ಸೌದಿಯಿಂದ ಬಂದಿಳಿದ ಮೈದುನ. ವೆಂಕೋಬನಿಗೆ ಗೋಡೆಯ ಮೇಲಿನ ಖಾಲಿ ಫ್ರೇಮು ಕಣ್ಣ ಮುಂದೆ ಬಂತು.

"ಆಪಾ, ಆ ಡಬ್ಬಿ ನಿಮಗ ಬ್ಯಾಡ ಬಿಡ್ರಿ," ಎಂದ.

"ಯಾಕ ಭಾಯಿ, ಕೆಡ್ತದೇನು?"

"ಕೆಡಂಗಿಲ್ರಿ."

"ಕಣ್ಣಿಗೆ ತ್ರಾಸು?"

"ಹಂಗೇನಿಲ್ರಿ."

"ಮತ್ತೇನು ಖೋಡಿ ಅದ ಅದರಾಗ?"

ವೆಂಕೋಬ ತಲೆ ತಗ್ಗಿಸಿದ. "ಭಾಳ ಅಗ್ಗ ಅದರೀ. ಅದೇ ಅದರ ಖೋಡಿ."

ಸುಗ್ರಾ ಬೇಗಂ ಅವನ ಮುಖವನ್ನೇ ನೋಡಿದರು. "ಇಷ್ಟು ವರ್ಷ ಮಾನ್ವಿಯಾಗ ಇದ್ದೀನಿ ಭಾಯಿ, ಇಂಥಾ ದುಕಾನ್ದಾರನ್ನ ನೋಡಿದ್ದಿಲ್ಲ. ಎರಡು ಕೊಡ್ರಿ."

ಬೇಡವೆಂದು ಹೇಳಿ ಕೊಡುವ ಅಂಗಡಿ ಎಂದು ಊರೆಲ್ಲ ಹೆಸರಾಯಿತು. ಕುರುಡು ಮಾವನಿಗೆ ಜಾಮೀನು ನಿಲ್ಲುವುದೇ ಒಂದು ಕಾಯಕವಾಯಿತು. ಆ ತಿಂಗಳು ಮೂವತ್ತೆಂಟು ಯಂತ್ರ ಹೋದವು.

ಎರಡನೆಯ ಸಲ ಕಾವ್ಯಾ ನೋಟಿಸು ಕಳಿಸಲಿಲ್ಲ, ಅವನನ್ನೇ ಕರೆಸಿದಳು. ಕಂಪನಿಯು ಕಾರ್ಯತಂತ್ರ ಬದಲಿಸಿದೆ ಎಂದು ಸಮಾಧಾನದಿಂದ ತಿಳಿಸಿದಳು. ಒಂದು ಮಾರಿದರೆ ನಾಲ್ಕು ಸಾವಿರ ಹಾನಿಯಾದರೆ, ಒಂದು ಮರಳಿ ತಂದರೆ ನಾಲ್ಕು ಸಾವಿರ ಲಾಭವಾಗಲೇಬೇಕು. ಮಾರಿದ್ದಷ್ಟನ್ನೂ ವಾಪಸು ತಂದ ದಿನ ಕಾಯಂ. ಅಲ್ಲಿಯವರೆಗೆ ತಾತ್ಕಾಲಿಕದಲ್ಲಿಯೇ ಮುಂದುವರಿಯುವುದು.

ವೆಂಕೋಬ ಒಂದು ಟಂಟಂ ಗಾಡಿ ಬಾಡಿಗೆಗೆ ಹಿಡಿದು ಮಲ್ಲಟ, ಬಾಗಲವಾಡ ಎಲ್ಲ ಸುತ್ತಿದ. ಹೋದಲ್ಲೆಲ್ಲ ಕುಂದರಿಸಿ ರೊಟ್ಟಿ, ಹಿಂಡಿಪಲ್ಯ ಉಣಿಸಿದರು. ಕೊಂಡ ಹಣ ಪೂರಾ ಮರಳಿ ಕೊಡುತ್ತೇನೆಂದರೂ ಯಂತ್ರ ಮಾತ್ರ ಯಾರೂ ಕೊಡಲಿಲ್ಲ. ಬಾಗಲವಾಡದ ಒಬ್ಬ ಮುದುಕ ಟಿವಿಯ ಮುಂದಿನಿಂದ ಏಳದೆಯೇ, ಎಂಟನೇ ಗೇಟಿನ ತನಕ ನೀರು ತಂದೀನಿ, ಮುಂದಿನ ವಾರ ಅಂತ ಸಾಹೇಬ ಹೇಳ್ಯಾನ, ನೀರು ಬಂದ ಮ್ಯಾಲೆ ಬಂದು ಒಯ್ಯಿ ಎಂದು ಹೇಳಿ ಕಳಿಸಿದ. ಟಂಟಂ ಹೋದ ಹಾಗೆಯೇ ಖಾಲಿ ಬಂತು.

ಹಾಗಾದರೆ ನೀರು ಬಂದರೆ ಯಂತ್ರ ಬರುತ್ತವೆ ಎಂದು ವೆಂಕೋಬ ತಿಳಿದ. ಬಸ್ಸು ಹತ್ತಿ ರಾಯಚೂರಿನ ಕಾರ್ಖಾನೆಗೆ ಹೋಗಿ ಯಲ್ಲಾಲಿಂಗನ ಮುಂದೆ ಕೈಮುಗಿದು ನಿಂತ. ಒಂದೇ ಒಂದು ಸಲ ಕೊನೆಯ ಹೊಲಕ್ಕೆ ನೀರು ಬಿಡಪ್ಪಾ, ನನ್ನ ಕಾಯಂ ಆಗ್ತದ ಎಂದ.

"ಅಣ್ಣಾ, ನಮ್ಮಪ್ಪ ಹುಟ್ಟಿದಾಗಿಂದ ಕಾಲವಿ ದಂಡಿಮ್ಯಾಲ ಕುಂತಾನ," ಎಂದ ಯಲ್ಲಾಲಿಂಗ. "ನೀರು ಬರೂದು ಅಂವಾ ನೋಡಿಲ್ಲ, ನಾನೂ ನೋಡಿಲ್ಲ. ಕಣ್ಣೀಲೆ ನೋಡದಿದ್ದು ಹೆಂಗ ಬರೀಲಿ? ನೀ ತೂಕದಾಗ ಸುಳ್ಳು ಹೇಳಿದ್ದೇನು?"

ವೆಂಕೋಬ ಅಲ್ಲಿಂದ ನೇರ ಸಾವ್ಕಾರರ ಕೋಣೆಗೆ ಹೋದ. ವಿರೂಪಣ್ಣನವರು ಆಗತಾನೇ ಪೂಜೆ ಮುಗಿಸಿ ಹಣೆಯ ವಿಭೂತಿ ಒಣಗಲು ಕಾದಿದ್ದರು, ಕಾವ್ಯಾ ಪಕ್ಕದಲ್ಲಿದ್ದಳು.

"ಒಬ್ರೂ ಕೊಡವಲ್ರು ಯಪ್ಪಾ. ಎಲ್ರೂ ನೀರಿನ ಹಾದಿ ಕಾಯಾಕತ್ತಾರ."

"ಎಷ್ಟು ಮಂದಿ ಕಾಯಾಕತ್ತಾರ?"

"ಡಬ್ಬಿ ಇದ್ದವ್ರು ನಾನೂರ ಚಿಲ್ಲರ ಮನಿ ರೀ. ಡಬ್ಬಿ ಇಲ್ಲದವ್ರೂ ಬಂದು ಕುಂತು ಕಾಯ್ತಾರ. ಊರಿಗೆ ಊರ ಕಾಯಾಕತ್ತದ."

ಸಾವ್ಕಾರರು ಕಣ್ಣು ಮುಚ್ಚಿದರು. ಶಿವಧ್ಯಾನ ಮಾಡುತ್ತಿದ್ದಾರೆಂದು ತಿಳಿದು ಇಬ್ಬರೂ ಕೈಮುಗಿದು ನಿಂತರು. ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣು ತೆರೆದಾಗ ಕಣ್ಣಂಚು ಒದ್ದೆಯಾಗಿತ್ತು.

"ಅದೇ ತೌಡು," ಎಂದರು. "ಅಕ್ಕಿ ಅಕ್ಕಿ ಅಂತ ಬಡಕೊಂಡು ಮೂರು ವರ್ಷ ತೌಡು ಚೆಲ್ಲಿದಿವಲ್ಲ ಕಾವ್ಯಾ. ಊರಿಗೆ ಊರ ಕಾಯಾಕತ್ತದಂತ. ನಮ್ಮಜ್ಜ ಇದ್ದಿದ್ರ ಒಂದು ಹಿಡಿ ಹೊರಗ ಬಿಡತಿದ್ದಿಲ್ಲ."

ಮರುವಾರವೇ ಪ್ರಕಟಣೆ ಹೊರಬಿತ್ತು. "ಸಾರ್ವಜನಿಕರ ಅನುಕೂಲಕ್ಕಾಗಿ, ಕಾಲುವೆ ಆಟದಲ್ಲಿ ನೀರಿಗಾಗಿ ಕಾಯುವುದನ್ನು ಕ್ರಮಬದ್ಧಗೊಳಿಸಲಾಗಿದೆ. ಇನ್ನು ಮುಂದೆ ಯಾರೂ ಸರದಿ ಚೀಟಿ ಇಲ್ಲದೆ ಕಾಯಬಾರದು. ಚೀಟಿಗೆ ಹತ್ತು ರೂಪಾಯಿ, ಪ್ರತಿ ತಿಂಗಳು ನವೀಕರಣ. ಯಂತ್ರ ಇಲ್ಲದವರೂ ಕಾಯಬಹುದು. ಚೀಟಿಯು ನೀರಿಗೆ ಖಾತ್ರಿಯಲ್ಲ, ಕಾಯುವುದಕ್ಕೆ ಖಾತ್ರಿ."

ಇದು ಸರಿಯೋ ತಪ್ಪೋ ಎಂದು ವೆಂಕೋಬನ ಮನಸ್ಸು ತೂಗಾಡಿತು. ತೂಕದವನ ಮನಸ್ಸು, ಬೇಗ ನಿಲ್ಲುವಂಥದ್ದಲ್ಲ. ಚೀಟಿ ಕೊಡುವ ಮೊದಲ ದಿನ ಬೆಳಗ್ಗೆ ಶಿವನ ಮುಂದೆ ದೀಪ ಹಚ್ಚಿ, ಕೇಳಿದವರಿಗೆ ಸತ್ಯವನ್ನೇ ಹೇಳುತ್ತೇನೆ ಎಂದು ಆಣೆ ಮಾಡಿ ಡಿಪೋದ ಬಾಗಿಲು ತೆಗೆದ. ಮೊದಲ ಗಿರಾಕಿ ಸುಗ್ರಾ ಬೇಗಂ. ಹೊಲಿಗೆ ಕ್ಲಾಸಿನ ಇಪ್ಪತ್ತೆರಡು ಹುಡುಗಿಯರಿಗೂ ಸೇರಿಸಿ ಹಣ ತಂದಿದ್ದರು.

"ಚೀಟಿ ತಗೊಂಡ್ರ ನೀರು ಬರತದೇನು ಭಾಯಿ?"

"ಬರಂಗಿಲ್ಲ ಆಪಾ."

"ಸರದಿ?"

"ಸರದಿ ಅದರೀ. ನಂಬರು ಹಾಕಿ ಕೊಡ್ತೀವಿ."

"ಅಷ್ಟ ಸಾಕು. ಇಷ್ಟು ದಿನ ಅದೂ ಇದ್ದಿದ್ದಿಲ್ಲ."

ಅವರ ಹಿಂದಿನ ಸಾಲು ಬಸ್ ಸ್ಟ್ಯಾಂಡು ದಾಟಿತ್ತು. ದೇವದುರ್ಗದಲ್ಲಿ ಮಾರೆಪ್ಪ ಎಂದಿನಂತೆ ಮಲಗಿದ್ದರಿಂದ ಮಂದಿಯೇ ಅವನ ತಲೆದಿಂಬಿನ ಕೆಳಗಿನಿಂದ ಚೀಟಿ ಹರಿದುಕೊಂಡು, ಹತ್ತು ರೂಪಾಯಿ ಅಲ್ಲಿಯೇ ಇಟ್ಟು ಹೋದರು. ಅವನಿಗೆ ಎರಡನೆಯ ಶಾಲು ಬಂತು. ಯಂತ್ರ ಇಲ್ಲದೆಯೂ ಕಾಯಬಹುದಾದ್ದರಿಂದ ಯಂತ್ರ ಮಾಡುವ ವಿಭಾಗವನ್ನು ಪೂಜೆ ಮಾಡಿ ಮುಚ್ಚಲಾಯಿತು. ಕೆಟ್ಟ ಯಂತ್ರಗಳನ್ನು ಯಾರೂ ರಿಪೇರಿಗೆ ತರಲಿಲ್ಲ. ಕಪ್ಪು ಪರದೆಯ ಮುಂದೆ ಚೀಟಿ ಹಿಡಿದು ಕೂರುವುದಕ್ಕೂ ಅದೇ ಫಲ ಎಂದು ಅನುಭವದಿಂದ ಗೊತ್ತಾಗಿತ್ತು. ಯಲ್ಲಾಲಿಂಗನಿಗೆ ಚೀಟಿಗೆ ನಂಬರು ಬರೆಯುವ ಕೆಲಸ ಕೊಟ್ಟರು. ನಂಬರಿನಲ್ಲಿ ಸುಳ್ಳಿಲ್ಲವಾದ್ದರಿಂದ ಅವನು ಒಪ್ಪಿದ. ಮಲ್ಲಟದಲ್ಲಿ ಅವನ ಅಪ್ಪ ಮೊದಲ ಸಲ ಕಾಲುವೆಯ ದಂಡೆಯಿಂದ ಎದ್ದು ಮನೆಗೆ ಬಂದ. ಚೀಟಿ ಇರುವಾಗ ಖುದ್ದಾಗಿ ಕೂರುವ ಅಗತ್ಯವಿಲ್ಲ ಎಂದ.

ಮರುವರ್ಷದ ಕೊನೆಗೆ ಲಾಭದ ಪೇಢೆ ಹಂಚಿದ ದಿನ, ವೆಂಕೋಬನಿಗೆ ಕಂಪನಿಯ ಮುದ್ರೆಯಿದ್ದ ಉದ್ದನೆಯ ಲಕೋಟೆ ಬಂತು. ಅವನು ಅದನ್ನು ಒಡೆಯದೆ ಮನೆಗೆ ಒಯ್ದ. ದುರುಗಮ್ಮ ಕೈ ತೊಳೆದುಕೊಂಡು ಬಂದು ಫ್ರೇಮು ಕೆಳಗಿಳಿಸಿ, ಸೆರಗಿನಿಂದ ಗಾಜು ಒರೆಸಿದಳು. ಆಮೇಲೆ ಅವನು ಒಡೆದು ನಿಧಾನವಾಗಿ ಓದಿದ.

"ತಮ್ಮ ನಿಷ್ಠೆಯ ಸೇವೆಯನ್ನು ಪರಿಗಣಿಸಿ, ತಾವು ಕಾಯಂ ಹುದ್ದೆಗೆ ಸರ್ವಥಾ ಅರ್ಹರೆಂದು ಕಂಪನಿಯು ಸಂತೋಷದಿಂದ ಒಪ್ಪಿರುತ್ತದೆ. ಸದರಿ ಆದೇಶಕ್ಕಾಗಿ ತಮ್ಮ ಸರದಿ ಸಂಖ್ಯೆ ಹನ್ನೊಂದು ಸಾವಿರದ ಮುನ್ನೂರ ಆರು. ಚೀಟಿಯ ಶುಲ್ಕವನ್ನು ತಾವು ತಮ್ಮ ಡಿಪೋದಲ್ಲಿ ತಮಗೇ ಪಾವತಿಸಿ, ತಮ್ಮಿಂದಲೇ ರಸೀದಿ ಪಡೆಯತಕ್ಕದ್ದು."

ಚೀಟಿ ಒಳಗೇ ಇತ್ತು. ಯಲ್ಲಾಲಿಂಗನ ಅಕ್ಷರ, ಒಂದೂ ತಿದ್ದಿರಲಿಲ್ಲ.

ದುರುಗಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಂಬರಾದ್ರೂ ಬಂತಲ್ಲ," ಎಂದಳು. ಚೀಟಿಗೆ ವಿಭೂತಿ ಹಚ್ಚಿ ಫ್ರೇಮಿನೊಳಗೆ ಕೂರಿಸಿದಳು. ಅಳತೆ ಸರಿಹೋಗದೆ ನಾಲ್ಕೂ ಕಡೆ ಜಾಗ ಉಳಿಯಿತು. ಅಲ್ಲಿ ಅರಿಶಿನ ಹಚ್ಚಿದ ಹಾಳೆ ಮಡಚಿಟ್ಟಳು. ಶಿವನ ಪಟದ ಪಕ್ಕಕ್ಕೆ ಅದು ಚೆನ್ನಾಗಿಯೇ ಕಂಡಿತು.

ಸುದ್ದಿ ಹಬ್ಬಿ ಓಣಿಯ ಮಂದಿ ಬಂದರು. ಸುಗ್ರಾ ಬೇಗಂ ಸಕ್ಕರೆ ಪೊಟ್ಟಣ ತಂದು ದುರುಗಮ್ಮನ ಬಾಯಿಗೆ ಒಂದು ಚಿಟಿಕೆ ಹಾಕಿದರು. ಆಮೇಲೆ ಫ್ರೇಮಿನ ಹತ್ತಿರ ಹೋಗಿ ಕನ್ನಡಕ ಏರಿಸಿ ನಂಬರು ಓದಿದರು.

"ಈಗ ಎಷ್ಟನೇ ನಂಬರು ನಡದದ ಭಾಯಿ?"

ವೆಂಕೋಬ ಸುಳ್ಳು ಹೇಳುವವನಲ್ಲ. "ಇನ್ನ ಒಂದನೇದು ಸುರು ಆಗಿಲ್ರಿ ಆಪಾ."

"ಅಂದ್ರ ನಿಮ್ಮದು ದಾಟಿ ಹೋಗಿಲ್ಲ," ಎಂದರು ಸುಗ್ರಾ ಬೇಗಂ.

ಬಂದವರೆಲ್ಲ ಹೌದು ಹೌದು ಎಂದು ತಲೆದೂಗಿದರು. ದುರುಗಮ್ಮ ಎಲ್ಲರಿಗೂ ಚಹಾ ಇಡಲು ಒಳಗೆ ಹೋದಳು. ಕಪ್ಪುಬಸಿ ಕಡಿಮೆ ಇದ್ದುದರಿಂದ ಮಂದಿ ತಾವಾಗಿಯೇ ಎದ್ದು ಬಾಗಿಲಿನಿಂದ ಅಂಗಳದವರೆಗೆ ಸಾಲಾಗಿ ನಿಂತರು.