ದೇವಯ್ಯನ ಮಿಕ್ಸಿ

ಮರ ಉಜ್ಜುವ ಕರೆಂಟಿನ ತೋಪಡವನ್ನು ದೇವಯ್ಯ ಮೈಸೂರಿನಿಂದ ಗೋಣಿಚೀಲದಲ್ಲಿ ಸುತ್ತಿ ತಂದದ್ದೇ ಎಲ್ಲ ರಗಳೆಗೂ ಮೂಲ. ನಂಜನಗೂಡಿನ ಆ ಬೀದಿಯವರಿಗೆ ಚೀಲದೊಳಗೇನಿದೆಯೆಂದು ತಿಳಿಯುವ ತನಕ ಊಟ ಸೇರುವುದಿಲ್ಲ.

ಮುಚ್ಚಿಡಲು ಕಾರಣವಿತ್ತು. ಸಿದ್ದಲಿಂಗಮ್ಮನವರ ಹೊಸ ಮನೆಗೆ ಹೆಬ್ಬಾಗಿಲನ್ನು ಮರುದಿನ ಬೆಳಗ್ಗೆ ಪೂಜೆ ಮಾಡಿ ಕೂರಿಸಬೇಕು. "ನಿಮ್ಮಪ್ಪ ನಮ್ ಹಳೇ ಮನೆಗೆ ಮಾಡ್ಕೊಟ್ಟಿದ್ನಲ್ಲ, ಅದೇ ಥರ ಪೂರಾ ಕೈಕೆಲ್ಸ ಇರ್ಬೇಕು. ಒಪ್ಗೆ ಆದ್ರೆ ಮಿಕ್ಕ ಒಂಬತ್ತು ಬಾಗ್ಲೂ ನಿಂದೇ" ಎಂದಿದ್ದರು. ಉಳಿ, ಗರಗಸ ಹಿಡಿದು ಬಾಗಿಲು ಜೋಡಿಸಿಯಾಗಿತ್ತು. ಉಜ್ಜಿ ನಯಮಾಡುವುದೊಂದು ಬಾಕಿ. ಕೈಯಲ್ಲಾದರೆ ಎರಡು ದಿನ ಬೇಕು.

ಕದ ಹಾಕಿಕೊಂಡು ಸ್ವಿಚ್ಚು ಒತ್ತಿದ. ಗಂಟಿದ್ದ ಹಲಸಿನ ಹಲಗೆ ಬೆಣ್ಣೆಯ ಹಾಗೆ ನುಣುಪಾಯಿತು. 'ಅಪ್ಪ ನೋಡಿದ್ದರೆ ಬೈಯುತ್ತಿದ್ದನೋ, ಇಲ್ಲಿ ಕೊಡೋ ಅಂತ ಕಿತ್ತುಕೊಳ್ಳುತ್ತಿದ್ದನೋ' ಎಂದು ಅವನಿಗೇ ಕುತೂಹಲವಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಮರಿತಾಯಮ್ಮ ಕದ ತಟ್ಟಿದಳು. "ಏನಪ್ಪಾ ದೇವಯ್ಯ, ಅದೇನು ಗುರ್ರ್ ಅಂತಾದೆ?"

"ಮಿಕ್ಸಿ ಕಣಕ್ಕಾ. ಉದ್ದಿನಬೇಳೆ ರುಬ್ತಾ ಇವ್ನಿ."

"ಎಂಡ್ತಿ ನರಸೀಪುರಕ್ಕೆ ಓಗವ್ಳೆ, ನೀನು ರುಬ್ತಾ ಇದ್ದೀಯಾ!" ಎಂದು ಕಣ್ಣರಳಿಸಿ ಹೋದವಳು ಐದೇ ನಿಮಿಷಕ್ಕೆ ಪಾತ್ರೆ ಹಿಡಿದು ಬಂದಳು. "ಎಂಗೂ ತಿರುಗ್ತಾ ಅದಲ್ಲ, ನಮ್ ವಡೆ ಬೇಳೆನೂ ಒಂದ್ ಸುತ್ತು ಆಕ್ಬುಡು."

ಅವಳ ಹಿಂದೆ ಇನ್ನಿಬ್ಬರು ಬಂದರು. ಮಧ್ಯಾಹ್ನದ ಹೊತ್ತಿಗೆ ದೇವಯ್ಯ ಒಂದು ಬಾಗಿಲಿನ ಜೊತೆ ಮೂರು ಮನೆಯ ಹಿಟ್ಟನ್ನೂ ಹೆಂಡತಿಯ ಮಿಕ್ಸಿಯಲ್ಲಿ ರುಬ್ಬಿ ಮುಗಿಸಿದ್ದ.

ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದ ಎದುರುಮನೆ ರಾಜೇಂದ್ರ ಕಿಟಕಿಯಲ್ಲಿ ಇಣುಕಿದ. "ಇದ್ಯಾವ ಬೇಳೆ ದೇವಣ್ಣ? ಇಟ್ಟು ಸುರುಳಿ ಸುರುಳಿಯಾಗಿ ಬಿದ್ದದೆ!"

ಯಾರಿಗೂ ಹೇಳಬೇಡವೆಂದು ದೇವಯ್ಯ ಕೈಮುಗಿದ. ರಾಜೇಂದ್ರ ಮಾತಿನ ಮನುಷ್ಯ. 'ಯಾರಿಗೂ ಹೇಳಬೇಡಿ' ಎಂದು ಸೇರಿಸಿಯೇ ಬೀದಿಯ ಪ್ರತಿಯೊಬ್ಬರಿಗೂ ಹೇಳಿದ.

ಸುದ್ದಿ ತಿರುಗಿ ದೇವಯ್ಯನ ಕಿವಿಗೂ ಬಿತ್ತು. ಇಷ್ಟು ನುಣುಪಾದ ಬಾಗಿಲನ್ನು ಕೈಕೆಲಸವೆಂದು ಯಾರು ನಂಬುತ್ತಾರೆ? ಮರ ಕೆತ್ತುವ ಅಪ್ಪನ ಹಳೆಯ ಬಾಚಿ ತೆಗೆದು, ಬಾಗಿಲಿನ ಮುಂಭಾಗಕ್ಕೆಲ್ಲ ಹದವಾಗಿ ಏಟು ಹಾಕಿ ಕೈಕೆಲಸದ ಗುರುತು ಮೂಡಿಸಿದ. ಹಿಂಭಾಗ ತಿರುಗಿಸುವಷ್ಟರಲ್ಲಿ ಸಿದ್ದಲಿಂಗಮ್ಮನವರು ಬಂದೇಬಿಟ್ಟರು.

ಬಾಗಿಲಿನ ಮುಂಭಾಗದ ಮೇಲೆ ಅಂಗೈಯಾಡಿಸಿದವರ ಮುಖ ಸಪ್ಪಗಾಯಿತು. ಹಿಂದಕ್ಕೆ ಹೋಗಿ ಅಲ್ಲೂ ಕೈಯಾಡಿಸಿದರು. ಮುಖ ಅರಳಿತು.

"ನೋಡು, ಇದು ಕೈಕೆಲ್ಸ! ನಿಮ್ಮಪ್ಪನ ಬಾಗ್ಲಲ್ಲೂ ಹಿಂಗೇ, ಒಂದು ಗೆರೆ ಸಿಕ್ತಿರ್ಲಿಲ್ಲ. ಮುಂದ್ಗಡೆ ಯಾಕಪ್ಪಾ ಮೆಷಿನ್ನಲ್ಲಿ ಹಿಂಗೆ ಗೀಚಾಕಿದ್ದೀಯಾ? ಬೀದೀಲೆಲ್ಲ ಅದೇ ಮಾತು!"

ದೇವಯ್ಯ ಬಾಯಿ ತೆರೆದ. ಗೀಚಿದ್ದು ಕೈ ಎಂದರೆ ನುಣುಪು ಮಾಡಿದ್ದು ಮೆಷಿನ್ ಎನ್ನಬೇಕಾಗುತ್ತದೆ. ಬಾಯಿ ಮುಚ್ಚಿದ.

"ಹಿಂದ್ಗಡೆ ಹೆಂಗೈತೋ ಹಂಗೇ ಮುಂದ್ಗಡೆನೂ ಕೈಯಲ್ಲೇ ಉಜ್ಜು. ನಾಳೆ ಪೂಜೆ ಹೊತ್ಗೆ ಆಗ್ಬೇಕು. ನಾನು ಇಲ್ಲೇ ಕೂತಿರ್ತೀನಿ" ಎಂದು ಅವರು ಕುರ್ಚಿ ಎಳೆದುಕೊಂಡರು.

ದೇವಯ್ಯ ಅಪ್ಪನ ಮರದ ತೋಪಡ ಹಿಡಿದು ಬಗ್ಗಿದ. ಅಂಗೈಯಲ್ಲಿ ಬೊಬ್ಬೆ ಏಳುವ ಹೊತ್ತಿಗೆ ಮರಿತಾಯಮ್ಮ ತೆಂಗಿನಕಾಯಿ ಹೋಳು ಹಿಡಿದು ನಗುತ್ತ ಬಂದಳು.

"ವಡೆ ಆಯ್ತು ದೇವಯ್ಯ. ಚಟ್ನಿಗೆ ಒಂದ್ ಸುತ್ತು ನಿನ್ ಮಿಕ್ಸಿ ಬುಡಪ್ಪಾ."