ಮಾಮಾನ ಜೇಬಿನ ಅರಳೆ

ನಮ್ಮ ಮಾಮಾನ ಪ್ರಕಾರ ಕಪ್ಪು-ಬಿಳುಪು ಫೋಟೋ ಎಂಬುದು ಲೋಕದಲ್ಲೇ ಇಲ್ಲ! ಹಸಿರು ಫೋಟೋ ಇದೆ, ನೇರಳೆ ಫೋಟೋ ಇದೆ. ಕಪ್ಪು-ಬಿಳುಪು ಎನ್ನುವುದು ನನ್ನಂಥ ಅಂಗಡಿಕಾರರು ಹಬ್ಬಿಸಿದ ಸುಳ್ಳು. ನಲವತ್ತು ವರ್ಷದಿಂದ ದೇಶಪಾಂಡೆ ನಗರದಲ್ಲಿ ಫೋಟೋ ಅಂಗಡಿ ಇಟ್ಟವನಿಗೆ ಇದನ್ನು ಕೇಳಿಸಿಕೊಳ್ಳುವ ಯೋಗ!

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಹುಬ್ಬಳ್ಳಿಯ ಅರಳೆ ವ್ಯಾಪಾರದಲ್ಲಿ ಆಯುಷ್ಯ ಕಳೆದವರು. ಒಂದು ಹಿಡಿ ಅರಳೆಯನ್ನು ಬೆಳಕಿಗೆ ಹಿಡಿದು, "ಇದಕ್ಕ ಮಳಿ ಬಡದೈತಿ" ಎಂದು ಹೇಳಬಲ್ಲ ಕಣ್ಣು ಅವರದು. ಒಂದು ಬಿಳಿಯಲ್ಲಿ ಹದಿನಾರು ಬಿಳಿ ಕಾಣುವ ಇಂಥವರ ಮುಂದೆ ನನ್ನ ಬಡಪಾಯಿ ಪ್ರಿಂಟರ್ ಪರೀಕ್ಷೆಗೆ ಕುಳಿತಿತು. ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವಳ ಮದುವೆಗೆ ಮುಂಚಿನ ಸಣ್ಣದೊಂದು ಹಳೆಯ ಫೋಟೋವನ್ನು ದೊಡ್ಡದು ಮಾಡಿಸಿ ವರ್ಷದ ಪೂಜೆಗೆ ಇಡಬೇಕೆಂದು ಮಾಮಾನ ಆಸೆ.

ಮೊದಲ ಪ್ರತಿ ಕೊಟ್ಟೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದನ್ನು ನೋಡಲೂ ಇಲ್ಲ. ಸೀದಾ ರಸ್ತೆಯ ಬಿಸಿಲಿಗೆ ನಡೆದು, ಜೇಬಿನಿಂದ ಚಿಟಿಕೆ ಅರಳೆ ತೆಗೆದು ಕಾಗದದ ಪಕ್ಕ ಹಿಡಿದರು.

"ಹಸರೈತಲ್ಲೋ!"

"ಎಲ್ಲೈತ್ರಿ ಮಾಮಾ? ಕರೀದು, ಬಿಳೀದು, ಅಷ್ಟ."

ಅವರು ಹೋಗುತ್ತಿದ್ದ ಆಟೋ ತಡೆದರು. "ತಮ್ಮಾ, ಇದರಾಗ ಯಾವ ಬಣ್ಣ ಕಾಣತೈತಿ ನೋಡು."

"ಕಾಕಾ, ನಾ ಹಸರು ಕಂಡ್ರ ಗಾಡಿ ಬಿಡಾಂವ" ಎಂದು ಅವನು ಹೊರಟೇಬಿಟ್ಟ.

"ನೋಡಿದೇನು? ಅವಗ ಹಸರ ಕಂಡೈತಿ!"

ಮಾಮಾ ಹೇಳಿದ್ದು ನಿಜವೇ, ಈಗ ಒಪ್ಪಿಕೊಂಡುಬಿಡುತ್ತೇನೆ. ನನ್ನ ಪ್ರಿಂಟರ್ ಬೂದು ಬಣ್ಣವನ್ನು ಕೆಂಪು, ನೀಲಿ, ಹಳದಿ ಇಂಕು ಬೆರೆಸಿ ತಯಾರಿಸುತ್ತದೆ. ಒಂದು ತುಸು ಹೆಚ್ಚಾದರೂ ಇಡೀ ಮುಖ ಆ ಬಣ್ಣಕ್ಕೆ ತಿರುಗುತ್ತದೆ. ಮೇಲಾಗಿ ನಾನು ತುಂಬುತ್ತಿದ್ದುದು ಬಾಟಲಿಯಲ್ಲಿ ಬರುವ ಹೆಸರಿಲ್ಲದ ಇಂಕು. ಆದರೆ ಗಿರಾಕಿ ಹೇಳಿದ್ದನ್ನೆಲ್ಲ ಒಪ್ಪಿದರೆ ಅಂಗಡಿಕಾರನ ಮರ್ಯಾದೆ ಏನುಳಿಯಿತು?

ಆದ್ದರಿಂದ ಮೋಸ ಮಾಡಿದೆ. ಫೋಟೋ ಒಳಗೆ ಒಯ್ದು, ಪ್ರಿಂಟರನ್ನು ಸುಮ್ಮನೆ ಗರಗರ ಎನ್ನಿಸಿ, ಅದನ್ನೇ ಮತ್ತೆ ಹೊರಗೆ ತಂದೆ.

"ಹೊಸಾ ಇಂಕ ಹಾಕೇನ್ರಿ ಮಾಮಾ, ಈಗ ನೋಡ್ರಿ."

ಅವರು ಫೋಟೋದ ಬೆನ್ನು ತಿರುಗಿಸಿದರು. "ಇಂಕ ಹೊಸಾದು ಇರಬಹುದು. ನಾ ಉಗರಲೆ ಗೀರಿದ ಗೀರು ಮಾತ್ರ ಹಳೇದು."

ಮೂಟೆ ಅದಲುಬದಲಾಗದಂತೆ ಗುರುತು ಹಾಕಿಯೇ ಮುಪ್ಪಾದವರಿಗೆ ಟೋಪಿ ಹಾಕಲು ಹೋಗಿದ್ದೆ!

ಆಮೇಲೆ ಕಾಗದ ಬದಲಿಸಿದೆ. ಮಿರುಗುವ ಕಾಗದದಲ್ಲಿ ಅಕ್ಕ ನೀಲಿಯಾದಳು. "ಈಕಿಗೆ ಥಂಡಿ ಹತ್ತೈತಿ" ಎಂದರು. ಇನ್ನೊಂದರಲ್ಲಿ ನೇರಳೆ. "ಬದನಿಕಾಯಿ ತರಾಕ ಬಂದೇನೇನು ನಾನು?" ಎಂದರು. ಒರಟು ಕಾಗದದಲ್ಲಿ ತೆಗೆದದ್ದಕ್ಕೆ ಮಾತ್ರ ಯಾವ ಚೇಷ್ಟೆಯೂ ಇಲ್ಲ. ತಟ್ಟನೆ ಮೇಜಿನ ಮೇಲೆ ಬೋರಲು ಹಾಕಿ, "ಹಳದಿ" ಎಂದರು, ಅಷ್ಟೇ.

ಏಳನೆಯ ಪ್ರತಿಗೆ ನನ್ನ ತಾಳ್ಮೆ ಮುಗಿಯಿತು. "ಅಕ್ಕ ಇದ್ದಾಗ ಆಕಿ ಮಾರಿ ಇಷ್ಟ ಕಣ್ಣಿಟ್ಟು ನೋಡಿದ್ರೇನ್ರಿ?"

ಮಾಮಾ ಅರಳೆಯನ್ನು ಬೆರಳಲ್ಲಿ ಹಿಂಜುತ್ತ ಕುಳಿತರು.

"ಕಡೀ ಇಪ್ಪತ್ತ ದಿನಾ ಅದನ್ನ ನೋಡೇನೋ. ಕಾಮಣಿ ಏರಿತ್ತು. ಕಣ್ಣು, ಉಗರು, ಎಲ್ಲಾ ಹಳದಿ. ನೀ ಬಂದಿದ್ದು ಮಣ್ಣಿಗೆ. ಅಷ್ಟೊತ್ತಿಗೆ ಮುತ್ತೈದಿ ಅಂತ ಮಾರಿ ತುಂಬ ಅರಿಷಿಣ ಹಚ್ಚಿದ್ರು, ನಿನಗ ತಿಳೀಲಿಲ್ಲ. ಫೋಟೋದಾಗರ ಬ್ಯಾಡೋ ಅದು."

ಆಗ ಮದುವೆಗಳ ಸೀಸನ್. "ನಾಳಿ ಬರತೇನಿ" ಎನ್ನುತ್ತ, ಆ ಇಪ್ಪತ್ತು ದಿನವೂ ಯಾರ ಯಾರದೋ ಮಕ್ಕಳ ಅರಿಷಿಣದ ಫೋಟೋ ತೆಗೆಯುತ್ತಿದ್ದವನು ನಾನು.

ಬರಿ ಕಪ್ಪು ಮತ್ತು ಬೂದು ಇಂಕಿನಲ್ಲೇ ಫೋಟೋ ತೆಗೆಯುವ ಪ್ರಿಂಟರ್ ಧಾರವಾಡದ ಇನ್ನೊಬ್ಬ ಅಂಗಡಿಕಾರನ ಬಳಿ ಇತ್ತು. ಇದು ನನಗೆ ಮೊದಲ ದಿನದಿಂದ ಗೊತ್ತಿತ್ತು! ಅವನ ಮೆಟ್ಟಿಲು ಹತ್ತಲು ನನ್ನ ದೊಡ್ಡಸ್ತಿಕೆ ಬಿಟ್ಟಿರಲಿಲ್ಲ. ಮರುದಿನ ಹತ್ತಿದೆ. ಅಲ್ಲಿಂದ ಸೀದಾ ಮಾಮಾನ ಮನೆಗೆ ಹೋಗಿ, ನಾನೇ ಅವರನ್ನು ಅಂಗಳದ ಬಿಸಿಲಿಗೆ ಕರೆದೆ.

"ಅರಳಿ ಕೊಡ್ರಿ ಇಲ್ಲೆ."

ಚಿಟಿಕೆಯಲ್ಲಿ ಅರ್ಧ ನನ್ನ ಕೈಗಿಟ್ಟರು. ಅಕ್ಕನ ಕಣ್ಣಿನ ಬಿಳಿಯ ಪಕ್ಕ ಹಿಡಿದೆ. 

ಮಾಮಾ ಬಗ್ಗಿ ಬಹಳ ಹೊತ್ತು ನೋಡಿದರು.

"ಆರಾಮ ಆದ್ಲು ನೋಡೋ" ಎಂದರು.