ಮುಗಿದ ಮೇಲೆ ಮುಂದಿನ ವಾರ

ಭಾನುವಾರವನ್ನು ಕಂಡುಹಿಡಿದವನು ಗಂಡಸೇ ಇರಬೇಕು, ಅದೂ ನಾಲ್ಕು ಜನರನ್ನು ಮನೆಯಲ್ಲಿ ಕೂರಿಸಿಕೊಂಡು ಅಡುಗೆಮನೆಯ ಕಡೆಗೆ "ಇನ್ನೊಂದು ಸಲ ಟೀ ಆಗಲಿ" ಎಂದು ಕೂಗುವ ಜಾತಿಯ ಗಂಡಸು ಎಂಬುದು ಬೈಂಡರಣ್ಣನ ಹೆಂಡತಿಯ ಖಚಿತ ಅಭಿಪ್ರಾಯ. ವಾರವಿಡೀ ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಟ್ಟದಷ್ಟು ಬಿಳಿ ಚಾದರಗಳನ್ನು ಮಡಿಸುವವಳು. ರಜೆಯ ಒಂದು ದಿನವಾದರೂ ನಡುಮನೆಯಲ್ಲಿ ಕಾಲು ಚಾಚಿ ಕೂರೋಣವೆಂದರೆ, ಅಲ್ಲಿ ಮೀಸೆ ನರೆತ ಗಂಡಸರು ಕಾರ್ಟೂನ್ ಪುಸ್ತಕ ಹಿಡಿದುಕೊಂಡು ಕಿತ್ತಾಡುತ್ತಿರುತ್ತಾರೆ.

(ಕಾರ್ಟೂನ್ ಪುಸ್ತಕ ಎಂದದ್ದು ಅವಳು, ನಾನಲ್ಲ. ಆ ಗಂಡಸರ ಎದುರು ಅದನ್ನು 'ಚಿತ್ರಕಾವ್ಯ' ಎನ್ನದಿದ್ದರೆ ಟೀ ಇರಲಿ, ನೀರೂ ಸಿಗುವುದಿಲ್ಲ.)

ಆ ಚಿತ್ರಕಾವ್ಯದ ಹೆಸರು 'ಮಿಂಚುಮೀಸೆ'. ಬಹಳ ಹಿಂದೆ ಒಂದು ವಾರಪತ್ರಿಕೆಯ ನಡುಹಾಳೆಯಲ್ಲಿ ಬರುತ್ತಿದ್ದ ಪತ್ತೇದಾರನ ಕಥೆ. ಪತ್ರಿಕೆ ಮುಚ್ಚಿ ಯಾವ ಕಾಲವಾಯಿತೋ! ಉಳಿದಿರುವುದು ಒಂದೇ ಒಂದು ಪ್ರತಿ. ಬೈಂಡರಣ್ಣನ ಸೋದರಮಾವನ ಕ್ಷೌರದಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟಿದ್ದ ಹಳೆಯ ಪತ್ರಿಕೆಗಳಿಂದ ನಡುಹಾಳೆಗಳನ್ನು ಬಿಡಿಸಿ ತಂದು, ಮೂರು ಕಟ್ಟು ಮಾಡಿ, ಹೊಲಿದು, ಅಂಚು ಕತ್ತರಿಸಿ, ಕೆಂಪು ಬಟ್ಟೆಯ ರಟ್ಟು ಹಾಕಿ, ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಒತ್ತಿ ಬೈಂಡರಣ್ಣ ತನ್ನ ಕೈಯಾರೆ ಕಟ್ಟಿದ ಸಂಪುಟ ಅದು. ಅಂಚನ್ನು ಕೊಂಚ ಉದಾರವಾಗಿಯೇ ಕತ್ತರಿಸಿದ್ದರಿಂದ ಪುಟಸಂಖ್ಯೆಗಳೂ ಚೂರುಗಳ ಜೊತೆ ಕಸದ ಬುಟ್ಟಿ ಸೇರಿದ್ದವು. ಬಳಗದ ಉಳಿದವರ ಕೈಯಲ್ಲಿರುವುದೆಲ್ಲ ಇದರ ಜೆರಾಕ್ಸು. ಮೂಲಪ್ರತಿಯ ಒಡೆಯನಾದ್ದರಿಂದ ಬೈಂಡರಣ್ಣನೇ ಅಭಿಮಾನಿ ಬಳಗದ ಅಧ್ಯಕ್ಷ. ಕೈ ಇರುವ ಕುರ್ಚಿ ಅವನಿಗೆ ಮೀಸಲು. ವಾರದಲ್ಲಿ ಆ ಒಂದು ಬೆಳಿಗ್ಗೆ ಮಾತ್ರ ಅವನು ಬಾಯಿ ತೆರೆದರೆ ನಾಲ್ಕು ಜನ ಸುಮ್ಮನಾಗುತ್ತಿದ್ದರು. ಮನೆಯಲ್ಲಿ ಉಳಿದ ದಿನಗಳಲ್ಲಿ ಅವನು ಬಾಯಿ ತೆರೆಯುವುದು ಊಟಕ್ಕೆ ಮತ್ತು ಆಕಳಿಕೆಗೆ.

ಕಥೆಯಾದರೂ ಅಂತಿಂಥದ್ದಲ್ಲ. ಪುಸ್ತಕದ ನಡುವೆಯೇ ಮಿಂಚುಮೀಸೆ ಕಳ್ಳರನ್ನು ಹಿಡಿದು, ಮೀಸೆ ತಿರುವಿ, ಕುದುರೆ ಹತ್ತಿ ಹೊರಟುಬಿಡುತ್ತಾನೆ; ಕೆಳಗೆ ದಪ್ಪಕ್ಷರದಲ್ಲಿ 'ಮುಗಿಯಿತು' ಎಂದಿದೆ. ಪುಟ ಮಗುಚಿದರೆ ಅದೇ ಮನುಷ್ಯ ಅದೇ ಕಳ್ಳರ ಕೈಗೆ ಸಿಕ್ಕಿ ಕಂಬಕ್ಕೆ ಕಟ್ಟಿಸಿಕೊಂಡಿದ್ದಾನೆ! ಕಳ್ಳರು ಅವನ ಮೀಸೆ ಬೋಳಿಸುತ್ತಾರೆ, ಪೀಪಾಯಿಯೊಳಗೆ ತುರುಕಿ ನದಿಗೆ ಉರುಳಿಸುತ್ತಾರೆ, 'ಮುಂದಿನ ವಾರ ನೋಡಿ' ಎಂಬ ಸಾಲಿನೊಂದಿಗೆ ಸಂಪುಟವೇ ಸಮಾಪ್ತಿ.

"ಇಡೀ ಜಗತ್ತಲ್ಲಿ ಯಾರಿಗಿದೆ ಸ್ವಾಮಿ ಈ ಧೈರ್ಯ?" ಎಂದು ಹಲ್ಲು ಡಾಕ್ಟರು ತೊಡೆ ತಟ್ಟುತ್ತಿದ್ದರು. ಬಳಗದ ಮಹಾಪಂಡಿತರು ಅವರೇ. "ಮುಗಿಯಿತು ಅಂತ ಹೇಳಿ ಶುರು ಮಾಡ್ತಾನೆ! ಮುಂದಿನ ವಾರ ಅಂತ ಹೇಳಿ ಮುಗಿಸ್ತಾನೆ! ಆ ವಾರ ಬರೋದೇ ಇಲ್ಲ. ಅದೇ ಬದುಕು."

"ನಮ್ಮ ಬಸ್ಸೂ ಹಂಗೇ ಡಾಕ್ಟ್ರೇ," ಎಂದು ಕಂಡಕ್ಟರ್ ತಲೆದೂಗುತ್ತಿದ್ದ. "ಕೊನೇ ಸ್ಟಾಪ್ ಅಂತ ಕೂಗಿದ ಮೇಲೇನೇ ಜನ ಹತ್ತೋದು."

ಡಾಕ್ಟರು ಈ ಕುರಿತು 'ಅಂತ್ಯಪೂರ್ವ ಅಂತ್ಯ' ಎಂಬ ಪ್ರಬಂಧವನ್ನೇ ಬರೆದು ತಮ್ಮ ಕ್ಲಿನಿಕ್ಕಿನಲ್ಲಿ ಗೋಡೆಗೆ ಅಂಟಿಸಿದ್ದರು. ಹಲ್ಲುನೋವೆಂದು ಬಂದವರು ಅದನ್ನೋದಿ ತಲೆನೋವು ಹೊತ್ತು ಹೋಗುತ್ತಿದ್ದರಂತೆ.

ಅಂಥ ಡಾಕ್ಟರು ಒಂದು ಭಾನುವಾರ ಬಾಗಿಲಲ್ಲೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರು. "ಸಿಕ್ಕಿದ್ರು! ಕಥೆಗಾರರು ಸಿಕ್ಕಿದ್ರು! ನನ್ನ ಹತ್ರಾನೇ ಹಲ್ಲುಸೆಟ್ ಮಾಡಿಸ್ಕೊಳ್ಳೋಕೆ ಬಂದಿದ್ರು. ಬಾಯಿ ತೆರೆಸಿ ಅಳತೆ ತಗೊಂಡಾದ ಮೇಲೆ ಹೆಸರು ಕೇಳಿದೆ, ಅವರೇ! ಮುಂದಿನ ವಾರ ಇಲ್ಲಿಗೇ ಬರ್ತಾರೆ. ಮೂಲಪ್ರತಿ ನೋಡಬೇಕಂತೆ!"

ಬೈಂಡರಣ್ಣ ಕುರ್ಚಿಯಲ್ಲೇ ಅರ್ಧ ಅಡಿ ಎತ್ತರವಾದ. ಆ ಎತ್ತರ ಉಳಿದದ್ದು ಶುಕ್ರವಾರ ಸಂಜೆಯವರೆಗೆ.

ಶುಕ್ರವಾರ ಸಂಜೆ ಅವನ ಹೆಂಡತಿ ಆ ಸಂಪುಟವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡಳು. ಮನೆಗೆ ಬರುವ ದೊಡ್ಡಮನುಷ್ಯರು ಏನಾದರೂ ಕೇಳಿದರೆ ಬೆಪ್ಪುತಕ್ಕಡಿಯಂತೆ ನಿಲ್ಲಬಾರದಲ್ಲ ಎಂದು ಸೋಫಾದ ಮೇಲೆ ಕೂತು ಕೊನೆಯವರೆಗೂ ಓದಿದಳು. ಆಮೇಲೆ ಇನ್ನೊಂದು ಸಲ ಮಗುಚಿ ನೋಡಿದಳು.

"ರೀ, ಈ ಮನುಷ್ಯನ ಮೀಸೆ ಯಾವಾಗ ಹೋಯ್ತು?"

"ಕೊನೇಲಿ. ಪೀಪಾಯಿಗೆ ಹಾಕೋ ಮುಂಚೆ."

"ಮತ್ತೆ ನಡುವೆ 'ಹೋದ ಮೀಸೆ ಮತ್ತೆ ಬಂತು, ಇನ್ನು ನಿಮ್ಮನ್ನ ಬಿಡಲ್ಲ' ಅಂತಾನಲ್ಲ?"

ಬೈಂಡರಣ್ಣ ಅಧ್ಯಕ್ಷರ ನಗೆ ನಕ್ಕ. "ಅದು ನಿನಗೆ ಅರ್ಥ ಆಗಲ್ಲ ಕಣೇ. ಡಾಕ್ಟರು ಅದನ್ನ ಕಾಲದ ಸುರುಳಿ ಅಂತಾರೆ. ಕಳ್ಕೊಳ್ಳೋ ಮುಂಚೆನೇ ಪಡ್ಕೊಳ್ಳೋದು."

"ಕಾಲಾನೂ ಇಲ್ಲ, ಸುರುಳೀನೂ ಇಲ್ಲ. ನಡುವೆ ಇರಬೇಕಾದ ಕಟ್ಟನ್ನ ಕೊನೇಲಿ ಹೊಲಿದಿದ್ದೀರಿ, ಕೊನೇದನ್ನ ತಂದು ನಡುವೆ ಸೇರಿಸಿದ್ದೀರಿ. ಅಷ್ಟೇ."

ನಗೆ ಮುಖದಿಂದ ಜಾರಿತು. ಬೈಂಡರಣ್ಣ ಪುಸ್ತಕ ಕಸಿದುಕೊಂಡು ಹೊಲಿಗೆ ನೋಡಿದ, ಕಟ್ಟು ನೋಡಿದ, ಪೀಪಾಯಿ ನೋಡಿದ. ಪೀಪಾಯಿ ದಡ ಸೇರುವ ಚಿತ್ರ ನಡುವಿನ ಕಟ್ಟಿನ ಮೊದಲ ಪುಟದಲ್ಲಿಯೇ ಇತ್ತು! (ಅದನ್ನು ಬಳಗದವರು 'ಇನ್ನೊಂದು ಪೀಪಾಯಿ' ಎಂದು ಒಪ್ಪಿಕೊಂಡು, ಅದರೊಳಗೆ ಯಾರಿರಬಹುದೆಂದು ಎರಡು ಮಳೆಗಾಲ ಚರ್ಚಿಸಿದ್ದರು.)

"ನೀನೇ ಕಾರಣ!" ಎಂದ. "ಅವತ್ತು ಫ್ಯಾನ್ ಗಾಳಿಗೆ ಕಟ್ಟುಗಳು ಬಿದ್ದಾಗ ಗುಡಿಸ್ತಾ ಗುಡಿಸ್ತಾ ಎತ್ತಿಟ್ಟೋಳು ನೀನು!"

"ಎತ್ತಿಟ್ಟೋಳು ನಾನು. ಹೊಲಿದೋರು ಯಾರು? ಇಷ್ಟು ವರ್ಷ ಓದಿ ಓದಿ ಕಣ್ಣಲ್ಲಿ ನೀರು ಹಾಕಿದೋರು ಯಾರು?"

ಊರಿಗೆಲ್ಲ ಪುಸ್ತಕ ಹೊಲಿದುಕೊಡುವ ಮನುಷ್ಯ ತನ್ನ ಪ್ರಾಣದಂಥ ಪುಸ್ತಕವನ್ನೇ ಅಡ್ಡಾದಿಡ್ಡಿ ಹೊಲಿದಿದ್ದಾನೆಂದು ಗೊತ್ತಾದರೆ ಇನ್ಯಾರು ಕೆಲಸ ಕೊಟ್ಟಾರು? ಅದೂ ಹೋಗಲಿ. ಬರೆದವರೇ ಎದುರಿಗೆ ಕೂತು, ಪುಟ ಮಗುಚಿ, 'ಇದೇನಯ್ಯಾ ಮಾಡಿಟ್ಟಿದ್ದೀಯ ನನ್ನ ಕಥೆಗೆ?' ಎಂದರೆ? ಡಾಕ್ಟರ ಪ್ರಬಂಧದ ಗತಿಯೇನು? ಕೈ ಇರುವ ಕುರ್ಚಿಯ ಗತಿಯೇನು? ಬೈಂಡರಣ್ಣನಿಗೆ ಅಳುವೇ ಬಂತು.

"ಯಾರಿಗೂ ಹೇಳಬೇಡ ಮಾರಾಯ್ತಿ."

"ನಾನ್ಯಾಕೆ ಹೇಳಲಿ?" ಎಂದಳು ಹೆಂಡತಿ, ಕಾಲು ಚಾಚುತ್ತ. "ಒಲೆ ಮೇಲೆ ಹಾಲಿಟ್ಟಿದ್ದೀನಿ, ಸ್ವಲ್ಪ ನೋಡ್ಕೊಳ್ಳಿ. ಹಾಗೇ ಪಾತ್ರೇನೂ."

ಶನಿವಾರ ಮಧ್ಯಾಹ್ನ ಬೈಂಡರಣ್ಣ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ ಹೊಳೆದಿತ್ತು. ಸಂಪುಟದ ಹೊಲಿಗೆ ಬಿಚ್ಚಿ, ಕಟ್ಟುಗಳನ್ನು ಸರಿಯಾದ ಕ್ರಮದಲ್ಲಿಟ್ಟು ಮತ್ತೆ ಹೊಲಿಯುವುದು. ಬಳಗದವರ ಜೆರಾಕ್ಸು ಬೇರೆ ಥರ ಇದೆಯಲ್ಲ ಎಂದು ಯಾರಾದರೂ ಕೇಳಿದರೆ, ತಪ್ಪು ಜೆರಾಕ್ಸ್ ಅಂಗಡಿಯವನದು! (ಆ ಅಂಗಡಿ ಮುಚ್ಚಿ, ಅಲ್ಲೀಗ ಚಪ್ಪಲಿ ಮಾರುತ್ತಾರೆ. ಜವಾಬು ಕೊಡಲು ಅಲ್ಲಿ ಯಾರೂ ಇಲ್ಲ.) ರಟ್ಟು ಬಿಡಿಸಿ, ಹಳೆಯ ಅಂಟು ಕೆರೆದು, ಒಂದೊಂದೇ ದಾರ ಕತ್ತರಿಸಿ, ಹೊಸದಾಗಿ ಹೊಲಿದು, ಮೈದಾ ಅಂಟು ಹಚ್ಚಿ, ಪ್ರೆಸ್ಸಿನ ತಿರುಪು ಬಿಗಿದು ಹೊರಬರುವಷ್ಟರಲ್ಲಿ ಅವನ ಸೊಂಟ ಪೀಪಾಯಿಯೊಳಗಿಂದ ತೆಗೆದಂತಾಗಿತ್ತು. ಆದರೆ ಮಿಂಚುಮೀಸೆಗೆ ಈಗ ಮೀಸೆ ಹೋದ ಮೇಲೆಯೇ ಮೀಸೆ ಬರುತ್ತಿತ್ತು. ಬೈಂಡರಣ್ಣ ಸಂಪುಟವನ್ನು ಎದೆಗೊತ್ತಿಕೊಂಡು ಮನೆಗೆ ಬಂದ.

ಭಾನುವಾರ ಕಥೆಗಾರರು ಬಂದರು. ತೆಳ್ಳಗಿನ ಮುದುಕರು, ಇಸ್ತ್ರಿ ಮಾಡಿದ ಹಳೆಯ ಕೋಟು, ಹೊಸ ಹಲ್ಲುಸೆಟ್ಟು. ಮಗಳ ಮನೆಯಲ್ಲಿರುತ್ತಾರಂತೆ, ತಾವು ಹಿಂದೆ ಕಥೆ ಬರೆಯುತ್ತಿದ್ದುದನ್ನು ಎತ್ತಿದರೆ ಮೊಮ್ಮಕ್ಕಳು 'ಹೌದಾ ತಾತಾ' ಎಂದು ಹೇಳಿ ಆಟಕ್ಕೆ ಓಡುತ್ತಾರಂತೆ. ಕೈ ಇರುವ ಕುರ್ಚಿಯನ್ನು ಅವರಿಗೇ ಬಿಟ್ಟುಕೊಟ್ಟು ಬೈಂಡರಣ್ಣ ಗೋಡೆಗಂಟಿ ನಿಂತ. ಸಂಪುಟ ಟೀಪಾಯಿಯ ಮೇಲಿತ್ತು. ಹೆಂಡತಿ ಬಾಗಿಲ ಹತ್ತಿರ ಟ್ರೇ ಹಿಡಿದು ನಿಂತಿದ್ದಳು, ಅವಳ ಮುಖದ ಮೇಲಿದ್ದ ಭಾವವನ್ನು ಅವನು ನೋಡಲು ಹೋಗಲಿಲ್ಲ.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಸರ್, ಇಷ್ಟು ವರ್ಷದಿಂದ ಕಾದಿದ್ದೀನಿ. ಒಂದೇ ಪ್ರಶ್ನೆ. ಕಥೆಯ ನಡುವೆ 'ಮುಗಿಯಿತು' ಅಂತ ಹಾಕೋ ಧೈರ್ಯ ನಿಮಗೆ ಹೇಗೆ ಬಂತು?"

ಕಥೆಗಾರರು ಕಣ್ಣು ಮಿಟುಕಿಸಿದರು.

"ನಡುವೆ... ಹಾಕಿದ್ದೆನಾ?"

"ಹಾಕಿದ್ರಿ ಸರ್! ಮೀಸೆ ಹೋಗೋಕೆ ಮುಂಚೆ ಮೀಸೆ ವಾಪಸ್ ಬರೋದು, ಆ ಇನ್ನೊಂದು ಪೀಪಾಯಿ, ಕೊನೇ ಸಾಲಲ್ಲಿ ಬಾರದೇ ಇರೋ ಮುಂದಿನ ವಾರ... ನಾವೆಲ್ಲ ಅದನ್ನ ಹಿಡ್ಕೊಂಡೇ ಬದುಕಿದೀವಿ ಸರ್."

"ನನ್ನ ಹೆಂಡತಿ ಹೋದಾಗ ಆ ಸಾಲು ಓದ್ಕೊಂಡು ಕೂತಿದ್ದೆ ಸಾರ್," ಎಂದ ಕಂಡಕ್ಟರ್ ಮೆಲ್ಲಗೆ. ಅವನು ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಕಥೆಗಾರರು ಆ ಮುಖಗಳನ್ನು ಒಂದೊಂದಾಗಿ ನೋಡಿದರು. ಟೀ ಗುಟುಕರಿಸಿದರು. ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತರು.

"ಧೈರ್ಯ ಅಂತ ಅಲ್ಲ," ಎಂದರು. "ಹಾಗೆ ಮಾಡಬೇಕು ಅನ್ನಿಸ್ತು."

ಎರಡನೆಯ ಕಪ್ಪಿನ ಹೊತ್ತಿಗೆ ಹಾಗೆ ಮಾಡುವುದರ ಕಷ್ಟಗಳನ್ನು ವಿವರಿಸತೊಡಗಿದ್ದರು. ಮೂರನೆಯ ಕಪ್ಪಿಗೆ ಸಂಪಾದಕರು ಬೇಡವೆಂದು ಹಟ ಹಿಡಿದದ್ದೂ, ತಾವು 'ಒಂದು ಪುಟ ಆಚೀಚೆ ಆದರೆ ರಾಜೀನಾಮೆ' ಎಂದು ಮೇಜು ಗುದ್ದಿದ್ದೂ ನೆನಪಾಯಿತು. ಡಾಕ್ಟರು ಬರೆದುಕೊಳ್ಳುತ್ತಿದ್ದರು. ಬೈಂಡರಣ್ಣನಿಗೆ ಹೋದ ಜೀವ ಬಂದಂತಾಯಿತು. ಎಂಥ ದೊಡ್ಡ ಮನಸ್ಸು! ಎಂಥ ಮರೆವು! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಂಡು ಅವನು ಒಂದು ಬಿಸ್ಕತ್ತನ್ನು ಬಾಯಿಗಿಟ್ಟ.

"ಎಲ್ಲಿ, ಆ ಮೂಲಪ್ರತಿ ಕೊಡಿ," ಎಂದರು ಕಥೆಗಾರರು.

ಬೈಂಡರಣ್ಣ ಅರ್ಧ ಜಗಿದ ಬಿಸ್ಕತ್ತಿನೊಂದಿಗೆ ಗೋಡೆಗೆ ಇನ್ನಷ್ಟು ಅಂಟಿಕೊಂಡ. ಕಥೆಗಾರರು ಕನ್ನಡಕ ಏರಿಸಿ ಪುಟ ಮಗುಚಿದರು. ನಡುವಿಗೆ ಬಂದರು. ಹಿಂದೆ ಹೋದರು, ಮುಂದೆ ಬಂದರು. ಅವರ ಮುಖ ಕೆಂಪಾಯಿತು.

"ಇದೇನ್ರೀ ಇದು? ಮುಗಿಯಿತು ಅನ್ನೋದು ಕೊನೆಗೆ ಹೋಗಿದೆ! ಮೀಸೆ ಹೋಗಿ ಆಮೇಲೆ ಬರ್ತಾ ಇದೆ! ಇದನ್ನ ಎಲ್ಲರೂ ಮಾಡ್ತಾರೆ! ಯಾರು ಇದನ್ನ ಹೊಲಿದಿದ್ದು?"

ಎಲ್ಲರ ಕಣ್ಣೂ ಗೋಡೆಯ ಕಡೆ ತಿರುಗಿದವು. ಡಾಕ್ಟರು ಸಂಪುಟ ಇಸಿದುಕೊಂಡು ತಮ್ಮ ಜೆರಾಕ್ಸಿನ ಪಕ್ಕದಲ್ಲಿಟ್ಟು ನೋಡಿದರು. "ಅಯ್ಯೋ ಬೈಂಡರಣ್ಣ! ಹೊಲಿಗೆ ಹೊಸದಾಗಿದೆ! ಯಾಕ್ರೀ ಇದಕ್ಕೆ ಕೈ ಹಾಕಿದ್ರಿ? ಸರ್ ನೋಡಿದ ತಕ್ಷಣ ಹಿಡಿದುಬಿಟ್ರು!"

ಬೈಂಡರಣ್ಣ ಬಿಸ್ಕತ್ತು ನುಂಗಿದ. ನಿಜ ಹೇಳಬೇಕಾದರೆ ಇದೇ ಸಮಯ. ಆದರೆ ನಿಜ ಹೇಳಿದರೆ ಹಳೆಯ ತಪ್ಪು ಹೊರಗೆ ಬರುತ್ತದೆ. ಸುಮ್ಮನಿದ್ದರೆ ಸರಿ ಮಾಡಿದ್ದೇ ತಪ್ಪಾಗುತ್ತದೆ. ಅವನು ಬಾಗಿಲ ಕಡೆ ದೀನನಾಗಿ ನೋಡಿದ. ಹೆಂಡತಿ ಟ್ರೇ ಕೆಳಗಿಟ್ಟು ಮುಂದೆ ಬಂದಳು.

"ನಾನು ಮೊದಲೇ ಹೇಳಿದ್ದೆ ಸರ್, ಕಟ್ಟು ಹಿಂದುಮುಂದಾಗಿದೆ ಅಂತ," ಎಂದಳು ತಣ್ಣಗೆ. "ನಾನು ಹೇಳಿದ್ರೆ ನಕ್ಕುಬಿಟ್ರು. ಇವರು ಯಾವಾಗಲೂ ಹೀಗೇ."

(ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎನ್ನುವುದನ್ನು ಗಮನಿಸಿ.)

"ನೀವು ಓದಿದ್ದೀರಾ ತಾಯಿ?" ಕಥೆಗಾರರ ಮುಖ ಅರಳಿತು. "ಈ ಮನೇಲಿ ನನ್ನ ಕಥೆ ಅರ್ಥ ಮಾಡ್ಕೊಂಡೋರು ಒಬ್ಬರಾದರೂ ಇದ್ದಾರೆ!"

ಮುಂದಿನದೆಲ್ಲ ಬಸ್ಸು ಇಳಿಜಾರಿನಲ್ಲಿ ಹೋದಂತೆ ನಡೆದುಹೋಯಿತು. ಡಾಕ್ಟರು ಸೂಚಿಸಿದರು, ಕಂಡಕ್ಟರ್ ಅನುಮೋದಿಸಿದ, ಬೈಂಡರಣ್ಣನ ಹೆಂಡತಿ ಬಳಗದ ಅಧ್ಯಕ್ಷಳಾದಳು. ಇನ್ನು ಮುಂದೆ ಭಾನುವಾರದ ಟೀ ಮಾಜಿ ಅಧ್ಯಕ್ಷರದು. ಮೂಲಪ್ರತಿಯನ್ನು ಅವರು ತಮ್ಮ ಖರ್ಚಿನಲ್ಲೇ 'ಮೊದಲಿದ್ದ ಹಾಗೆ' ಹೊಲಿದುಕೊಡಬೇಕು, ಅಧ್ಯಕ್ಷರು ಪಕ್ಕದಲ್ಲಿದ್ದು ಪರಿಶೀಲಿಸಬೇಕು. ಕಥೆಗಾರರು ಹೊರಡುವಾಗ ಬೈಂಡರಣ್ಣನ ಭುಜ ತಟ್ಟಿ, "ಬೇಜಾರು ಮಾಡ್ಕೋಬೇಡಪ್ಪಾ, ಎಲ್ಲರಿಗೂ ಅರ್ಥ ಆಗಲ್ಲ" ಎಂದರು. ಬಂದಾಗ ಬಾಗಿದ್ದ ಬೆನ್ನು ಈಗ ನೆಟ್ಟಗಿತ್ತು. ಬೀದಿಯ ತಿರುವಿನವರೆಗೂ ಡಾಕ್ಟರಿಗೆ ಕೈ ಆಡಿಸಿ ಆಡಿಸಿ ಏನೋ ಹೇಳುತ್ತ ಹೋದರು.

ಬೈಂಡರಣ್ಣ ಕಿಟಕಿಯಿಂದ ಅದನ್ನು ನೋಡುತ್ತ ನಿಂತ. ಮಾನ ಹೋಯಿತೆಂದು ದುಃಖಪಡೋಣವೆಂದು ಎಷ್ಟು ಯತ್ನಿಸಿದರೂ ದುಃಖವೇ ಬರಲೊಲ್ಲದು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು, ಹಸಿವೂ ಆಗತೊಡಗಿತ್ತು. ಪ್ರಬಂಧ ಗೋಡೆಯ ಮೇಲೆ ಭದ್ರವಾಗಿತ್ತು, ಕಂಡಕ್ಟರನ ಸಾಲು ಕಂಡಕ್ಟರನ ಹತ್ತಿರವೇ ಇತ್ತು. ಅವನು ಸೂಜಿ, ದಾರ, ಅಂಟಿನ ಬಟ್ಟಲು ತಂದು ನಡುಮನೆಯಲ್ಲೇ ಕೂತು, ನಿನ್ನೆಯಷ್ಟೇ ಹಾಕಿದ ಹೊಲಿಗೆಯನ್ನು ಬಿಚ್ಚತೊಡಗಿದ. ಹೆಂಡತಿ ಕೈ ಇರುವ ಕುರ್ಚಿಯಲ್ಲಿ ಕೂತು, ಕೊನೆಗೂ ಕಾಲು ಚಾಚಿದ್ದಳು.

"ಅಲ್ಲಾ ಕಣೇ," ಎಂದ ಅವನು ತಲೆಯೆತ್ತದೆ, "ನಿಜ ಹೇಳಿ ನನ್ನ ಉಳಿಸಬಹುದಿತ್ತಲ್ಲ?"

"ಹೇಳಿದ್ರೆ ಆ ಹಿರಿಯರ ಮುಖ ನೋಡೋಕಾಗ್ತಿತ್ತಾ?" ಎಂದಳು ಅವಳು. "ನಿಮ್ಮ ಮುಖ ಹೇಗಿದ್ರೂ ನನಗೆ ನೋಡಿ ಅಭ್ಯಾಸ ಇದೆ."

ಬೈಂಡರಣ್ಣ ಸೂಜಿಗೆ ದಾರ ಪೋಣಿಸಿದ.